ನೀರಿನ ಹಿಡಿತ ಬಿಡಿಸಿದ ಎಂಜಿನಿಯರ್: ಜಾನ್ ಸಿರಿಲ್ ಪೋರ್ಟ್ ಮತ್ತು ಆರಂಭಕಾಲದ ಸೀಪ್ಲೇನ್

2024ರ ನವೆಂಬರ್ 9ರಂದು ವಿಜಯವಾಡದ ಪುನ್ನಮಿ ಘಾಟ್‌ನಿಂದ ಹೊರಟ ಪುಟ್ಟ ವಿಮಾನವೊಂದು ಕೃಷ್ಣೆಯ ನೀರಿನ ಮೇಲೆ ಓಡಿ ಮೇಲೆದ್ದು, ಶ್ರೀಶೈಲದಲ್ಲಿ ಮತ್ತೆ ನೀರಿನ ಮೇಲೆಯೇ ಇಳಿಯಿತು. ಎರಡು ದಿನಗಳ ಬಳಿಕ ಅಂಥದೇ ವಿಮಾನ ಕೊಚ್ಚಿಯ ಬೋಲ್ಗಾಟಿಯಿಂದ ಮುನ್ನಾರ್ ಬಳಿಯ ಮಾಟ್ಟುಪೆಟ್ಟಿ ಜಲಾಶಯಕ್ಕೆ ಹಾರಿತು. 2020ರಲ್ಲಿ ಗುಜರಾತಿನ ಕೆವಡಿಯಾ ಮತ್ತು ಅಹಮದಾಬಾದಿನ ಸಾಬರಮತಿಯ ನಡುವೆ ಆರಂಭವಾದ ಸೀಪ್ಲೇನ್ ಸೇವೆಯ ಸುದ್ದಿಯೂ ಹಲವರಿಗೆ ನೆನಪಿರಬಹುದು. ರನ್‌ವೇ ಕಟ್ಟಲು ಜಾಗವಿಲ್ಲದ ಊರುಗಳಿಗೆ ಇದೊಂದು ದಾರಿಯಾದೀತೆಂಬ ಚರ್ಚೆ ಈಗ ನಮ್ಮ ಸುತ್ತಮುತ್ತಲೇ ನಡೆಯುತ್ತಿದೆ. ಆದರೆ ಟನ್‌ಗಟ್ಟಲೆ ತೂಕದ ಯಂತ್ರವೊಂದು ನೀರನ್ನು ಬಿಟ್ಟು ಮೇಲೇಳುವುದು ಹೇಗೆ ಎಂಬ ಮೂಲ ಪ್ರಶ್ನೆಗೆ ಈ ಚರ್ಚೆಗಳಲ್ಲಿ ಉತ್ತರ ಸಿಗುವುದು ಕಡಿಮೆ.

ಆ ಉತ್ತರ ಹೆಚ್ಚುಕಡಿಮೆ ಪೂರ್ಣರೂಪ ಪಡೆದದ್ದು ಮೊದಲ ಮಹಾಯುದ್ಧದ ಕಾಲದಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಫೆಲಿಕ್ಸ್‌ಸ್ಟೋ ಎಂಬ ಸಣ್ಣ ಪಟ್ಟಣದಲ್ಲಿ. ಅದನ್ನು ರೂಪಿಸಿದವರು ಕ್ಷಯರೋಗದಿಂದಾಗಿ ನೌಕಾಪಡೆಯ ಕೆಲಸ ಬಿಡಬೇಕಾಗಿ ಬಂದಿದ್ದ ಜಾನ್ ಸಿರಿಲ್ ಪೋರ್ಟ್ ಎಂಬ ಅಧಿಕಾರಿ. ಅವರು ಬದುಕಿದ್ದು 35 ವರ್ಷ ಮಾತ್ರ. ಅವರ ಜೀವನವನ್ನೂ ಅವರು ಬಿಡಿಸಿದ ಸಮಸ್ಯೆಯನ್ನೂ ಒಟ್ಟಿಗೆ ನೋಡಿದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

ಸೀಪ್ಲೇನ್‌ನಲ್ಲಿ ಎರಡು ಬಗೆ

ನೀರಿನಿಂದ ಏರಿ ನೀರಿಗೆ ಇಳಿಯಬಲ್ಲ ಎಲ್ಲ ವಿಮಾನಗಳನ್ನೂ ಸೀಪ್ಲೇನ್ ಎನ್ನುತ್ತೇವೆ. ಇವುಗಳಲ್ಲಿ ಮೊದಲನೆಯ ಬಗೆ ಫ್ಲೋಟ್‌ಪ್ಲೇನ್. ಸಾಮಾನ್ಯ ವಿಮಾನದ ಚಕ್ರಗಳಿರುವ ಜಾಗದಲ್ಲಿ ದೋಣಿಯಾಕಾರದ ಎರಡು ಟೊಳ್ಳು ಕೊಳವೆಗಳನ್ನು ಜೋಡಿಸಿದರೆ ಅದು ಫ್ಲೋಟ್‌ಪ್ಲೇನ್ ಆಗುತ್ತದೆ. ಶ್ರೀಶೈಲದಲ್ಲಿ ಇಳಿದ ಟ್ವಿನ್ ಆಟರ್ ಈ ಬಗೆಯದು. ವಿಮಾನದ ಒಡಲು ನೀರನ್ನು ಮುಟ್ಟುವುದಿಲ್ಲ. ಕೆಳಗಿನ ಫ್ಲೋಟ್‌ಗಳು ಮಾತ್ರ ಮುಟ್ಟುತ್ತವೆ.

ಎರಡನೆಯದು ಫ್ಲೈಯಿಂಗ್ ಬೋಟ್, ಅಂದರೆ ಹಾರುವ ದೋಣಿ. ಇಲ್ಲಿ ವಿಮಾನದ ಒಡಲೇ ದೋಣಿ. ಚಾಲಕರು, ಇಂಧನ, ಸರಕು ಎಲ್ಲವೂ ಅದರೊಳಗೆ ಇರುತ್ತವೆ. ರೆಕ್ಕೆ ಮತ್ತು ಎಂಜಿನ್‌ಗಳು ಮೇಲಿರುತ್ತವೆ. ನೀರನ್ನು ಮುಟ್ಟುವ ಈ ಒಡಲಿಗೆ ಹಡಗಿನವರ ಮಾತಿನಲ್ಲಿ ಹಲ್ ಎಂಬ ಹೆಸರಿದೆ. ತೆರೆದ ಸಮುದ್ರದಲ್ಲಿ ಇಳಿಯಬೇಕಾದರೆ, ಗಂಟೆಗಟ್ಟಲೆ ಅಲೆಗಳ ಮೇಲೆ ತೇಲಬೇಕಾದರೆ ಈ ಬಗೆಯೇ ಹೆಚ್ಚು ಗಟ್ಟಿ. ಪೋರ್ಟ್ ಅವರ ಕೆಲಸವೆಲ್ಲ ಈ ಎರಡನೆಯ ಬಗೆಗೆ ಸಂಬಂಧಿಸಿದ್ದು.

ಫ್ರಾನ್ಸಿನ ಆನ್ರಿ ಫಾಬ್ರ್ 1910ರ ಮಾರ್ಚ್ 28ರಂದು ಮಾರ್ಸೇ ನಗರಕ್ಕೆ ಹತ್ತಿರದ ಸರೋವರವೊಂದರಿಂದ ಫ್ಲೋಟ್‌ಗಳ ಮೇಲೆ ಓಡಿ ಹಾರಿದ್ದೇ ಎಂಜಿನ್ ಶಕ್ತಿಯಿಂದ ನೀರು ಬಿಟ್ಟೆದ್ದ ಮೊದಲ ಹಾರಾಟ. ಬ್ರಿಟನ್ನಿನಲ್ಲಿ 1911ರ ನವೆಂಬರ್ 25ರಂದು ವಿಂಡರ್‌ಮಿಯರ್ ಸರೋವರದಿಂದ ‘ವಾಟರ್‌ಬರ್ಡ್’ ಹಾರಿತು. ಫ್ಲೈಯಿಂಗ್ ಬೋಟ್‌ನ ಮೊದಲ ಯಶಸ್ಸು ಅಮೆರಿಕದ ಗ್ಲೆನ್ ಕರ್ಟಿಸ್ ಅವರಿಗೆ 1912ರಲ್ಲಿ ಸಿಕ್ಕಿತು. ಪೋರ್ಟ್ ಕಣಕ್ಕಿಳಿದಾಗ ಈ ಕ್ಷೇತ್ರಕ್ಕೆ ಇಷ್ಟೇ ವಯಸ್ಸಾಗಿತ್ತು.

ನೀರು ಏಕೆ ಸುಲಭವಾಗಿ ಬಿಡುವುದಿಲ್ಲ?

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ರನ್‌ವೇ ಮೇಲೆ ಓಡುವ ವಿಮಾನಕ್ಕೆ ಚಕ್ರಗಳ ಸಣ್ಣ ಘರ್ಷಣೆ ಬಿಟ್ಟರೆ ಗಾಳಿಯ ತಡೆ ಮಾತ್ರ ಎದುರಾಗುತ್ತದೆ. ನೀರಿನ ಮೇಲೆ ಓಡುವ ವಿಮಾನವಾದರೋ ತನ್ನ ಮುಂದಿರುವ ನೀರನ್ನು ಪಕ್ಕಕ್ಕೆ ತಳ್ಳುತ್ತಲೇ ಸಾಗಬೇಕು. ವೇಗ ಹೆಚ್ಚಿದಂತೆ ಮುಂದೆ ಅಲೆಯೊಂದು ಎದ್ದು ನಿಲ್ಲುತ್ತದೆ, ತಡೆಯೂ ಏರುತ್ತಾ ಹೋಗುತ್ತದೆ. ಹಾರಲು ಬೇಕಾದ ವೇಗ ಬರುವುದಕ್ಕೆ ಎಷ್ಟೋ ಮುಂಚೆಯೇ ಈ ತಡೆ ತನ್ನ ಶಿಖರ ಮುಟ್ಟುತ್ತದೆ. ಆ ಶಿಖರವನ್ನು ದಾಟುವಷ್ಟು ಬಲ ಎಂಜಿನ್‌ಗೆ ಇಲ್ಲದಿದ್ದರೆ ವಿಮಾನ ಎಷ್ಟು ದೂರ ಓಡಿದರೂ ಅದು ದೋಣಿಯಾಗಿಯೇ ಉಳಿಯುತ್ತದೆ.

ಈ ಘಟ್ಟವನ್ನು ದಾಟಿಸುವುದು ಹಲ್‌ನ ತಳದ ಆಕಾರ. ತಳ ಅಗಲವಾಗಿದ್ದು ಮುಂಭಾಗ ಸ್ವಲ್ಪ ಮೇಲೆತ್ತಿದ್ದರೆ ವೇಗ ಬಂದಾಗ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ದೋಣಿ ನೀರನ್ನು ಸೀಳುವುದನ್ನು ಬಿಟ್ಟು ನೀರಿನ ಮೇಲ್ಮೈಯಲ್ಲಿ ಜಾರತೊಡಗುತ್ತದೆ. ಇದನ್ನು ಪ್ಲೇನಿಂಗ್ ಎನ್ನುತ್ತಾರೆ. ಇಂದು ವೇಗದ ಮೋಟಾರು ದೋಣಿಗಳು ಮೂತಿ ಎತ್ತಿ ಓಡುವುದೂ ಇದೇ ತತ್ತ್ವದಿಂದ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ವಿಮಾನದ ಒಡಲು ಹಿಂದಕ್ಕೆ ಹೋದಂತೆ ಸಣ್ಣದಾಗಿ ಬಾಲದ ಕಡೆ ಮೇಲಕ್ಕೆ ಬಾಗಬೇಕು. ಹಾಗೆ ಬಾಗಿದ ನುಣುಪು ಮೈಗೆ ವೇಗವಾಗಿ ಹರಿಯುವ ನೀರು ಅಂಟಿಕೊಂಡೇ ಸಾಗುತ್ತದೆ ಮತ್ತು ಅದನ್ನು ಕೆಳಕ್ಕೆ ಹೀರುತ್ತದೆ. ಒದ್ದೆಯಾದ ಅಡುಗೆಕಟ್ಟೆಯ ಕಲ್ಲಿನ ಮೇಲೆ ಇಟ್ಟ ಸ್ಟೀಲ್ ತಟ್ಟೆಯನ್ನು ನೇರವಾಗಿ ಮೇಲೆತ್ತಲು ಹೋದರೆ ಅದು ಕಚ್ಚಿಕೊಂಡಿರುತ್ತದೆ. ಒಂದು ಅಂಚನ್ನು ತುಸು ಎಬ್ಬಿಸಿ ಗಾಳಿಗೆ ದಾರಿ ಮಾಡಿಕೊಟ್ಟರೆ ಸಲೀಸಾಗಿ ಕಳಚಿಕೊಳ್ಳುತ್ತದೆ. ಫ್ಲೈಯಿಂಗ್ ಬೋಟ್‌ನಲ್ಲಿ ಗಾಳಿಗೆ ದಾರಿ ಮಾಡಿಕೊಡುವ ಏರ್ಪಾಡಿನ ಹೆಸರು ಸ್ಟೆಪ್. ತಳದ ನಡುಭಾಗದಲ್ಲಿ, ಅಡ್ಡಲಾಗಿ, ಮೆಟ್ಟಿಲಿನಂತೆ ಒಂದು ಕಡಿತ. ಅಲ್ಲಿಗೆ ಬಂದ ನೀರು ಮೇಲ್ಮೈಯನ್ನು ಹಿಂಬಾಲಿಸಲಾರದೆ ಕತ್ತರಿಸಿಕೊಂಡು ಹಿಂದಕ್ಕೆ ಹೋಗುತ್ತದೆ, ಖಾಲಿಯಾದ ಜಾಗಕ್ಕೆ ಗಾಳಿ ನುಗ್ಗುತ್ತದೆ, ಹಿಂಭಾಗ ನೀರಿನ ಹಿಡಿತದಿಂದ ಬಿಡುಗಡೆಯಾಗುತ್ತದೆ. ವಿಮಾನವು ಆ ಸ್ಟೆಪ್‌ನ ಮೇಲೆ ತೂಗಿಕೊಂಡು ಮೂತಿ ಎತ್ತಬಹುದು. ಆಗ ರೆಕ್ಕೆಗಳ ಕೋನ ಹೆಚ್ಚಿ, ಏರಿಕೆ ಸಾಧ್ಯವಾಗುತ್ತದೆ.

ಸ್ಟೆಪ್ ಪೋರ್ಟ್ ಅವರ ಆವಿಷ್ಕಾರವಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕರ್ಟಿಸ್ 1912ರಲ್ಲಿಯೇ ಅದನ್ನು ಬಳಸಿದ್ದರು. ಶಾಂತ ಸರೋವರದಲ್ಲಿ ನಡೆಯುತ್ತಿದ್ದ ಈ ಉಪಾಯವನ್ನು ಉತ್ತರ ಸಮುದ್ರದ ಅಲೆಗಳಲ್ಲಿ, ಪೂರ್ತಿ ಇಂಧನ ಮತ್ತು ಬಾಂಬುಗಳ ಹೊರೆಯೊಂದಿಗೆ ನಡೆಯುವಂತೆ ಮಾಡಿದ್ದು ಪೋರ್ಟ್ ಅವರ ಸಾಧನೆ. ಎಂಜಿನಿಯರಿಂಗ್‌ನಲ್ಲಿ ಇಂಥ ಎರಡನೆಯ ಹೆಜ್ಜೆಗೆ ಸಿಗುವ ಹೆಸರು ಕಡಿಮೆ, ಬೇಕಾಗುವ ತಾಳ್ಮೆ ಹೆಚ್ಚು.

ಜಲಾಂತರ್ಗಾಮಿಯಿಂದ ವಿಮಾನಕ್ಕೆ

ಪೋರ್ಟ್ ಹುಟ್ಟಿದ್ದು 1884ರ ಫೆಬ್ರವರಿ 26ರಂದು, ಐರ್ಲೆಂಡಿನ ಕಾರ್ಕ್ ಪ್ರಾಂತ್ಯದ ಬ್ಯಾಂಡನ್ ಎಂಬಲ್ಲಿ. ತಂದೆ ಪಾದ್ರಿ. ಹದಿಹರೆಯದಲ್ಲಿಯೇ ಬ್ರಿಟಿಷ್ ನೌಕಾಪಡೆ ಸೇರಿದ ಅವರು ಮುಂದೆ ಜಲಾಂತರ್ಗಾಮಿ ವಿಭಾಗಕ್ಕೆ ಹೋದರು. ಆ ವಿಭಾಗವೂ ಆಗ ಹೊಸದೇ. ಇಕ್ಕಟ್ಟಾದ, ಪೆಟ್ರೋಲ್ ಹೊಗೆ ತುಂಬಿದ ಆ ನೌಕೆಗಳಲ್ಲಿ ಗಾಳಿ ಕೆಟ್ಟಿರುತ್ತಿತ್ತು. ಅದೇ ಕಾಲದಲ್ಲಿ ಅವರಿಗೆ ಹಾರಾಟದ ಗೀಳು ಹಿಡಿಯಿತು. 1909ರಲ್ಲಿ ಸಹೋದ್ಯೋಗಿ ಪಿರೀ ಎಂಬವರ ಜೊತೆ ಸೇರಿ ಗ್ಲೈಡರ್ ಒಂದನ್ನು ಕಟ್ಟಿ ಪೋರ್ಟ್ಸ್‌ಮತ್ ಬಳಿಯ ಗುಡ್ಡದ ಮೇಲೆ ಪ್ರಯೋಗಿಸಿದರು. ಅದು ಹಾರಲಿಲ್ಲವೆಂದೇ ಹೇಳಬೇಕು.

1911ರಲ್ಲಿ ಕ್ಷಯರೋಗದ ಕಾರಣ ಅವರನ್ನು ನೌಕಾಪಡೆಯ ಸಕ್ರಿಯ ಸೇವೆಯಿಂದ ಬಿಡುಗಡೆ ಮಾಡಲಾಯಿತು. ಆಗ ಆ ರೋಗಕ್ಕೆ ಔಷಧವಿರಲಿಲ್ಲ, ವಿಶ್ರಾಂತಿಯೇ ಚಿಕಿತ್ಸೆ. ಪೋರ್ಟ್ ಅದೇ ವರ್ಷ ಫ್ರಾನ್ಸಿಗೆ ಹೋಗಿ ವಿಮಾನ ಹಾರಿಸಲು ಕಲಿತು ಪರವಾನಗಿ ಪಡೆದರು. ಮರಳಿ ಬಂದು ಬ್ರಿಟಿಷ್ ಡೆಪರ್ಡ್ಯೂಸಿನ್ ಕಂಪನಿಯ ಸ್ಥಾಪನೆಯಲ್ಲಿ ಪಾಲ್ಗೊಂಡು, ಅಲ್ಲಿಯೇ ತಾಂತ್ರಿಕ ಮುಖ್ಯಸ್ಥರೂ ಪರೀಕ್ಷಾ ಚಾಲಕರೂ ಆದರು. ಫ್ರಾನ್ಸಿನ ಮೂಲ ಕಂಪನಿಯ ಒಡೆಯ ಅರ್ಮಾನ್ ಡೆಪರ್ಡ್ಯೂಸಿನ್ 1913ರಲ್ಲಿ ವಂಚನೆಯ ಆರೋಪದ ಮೇಲೆ ಬಂಧಿತರಾದಾಗ ಬ್ರಿಟಿಷ್ ಶಾಖೆಯೂ ಕುಸಿಯಿತು. ಕೆಲಸ ಕಳೆದುಕೊಂಡ ಪೋರ್ಟ್, ಕರ್ಟಿಸ್ ಅವರ ಫ್ಲೈಯಿಂಗ್ ಬೋಟ್‌ಗಳನ್ನು ಬ್ರಿಟನ್ನಿನಲ್ಲಿ ಮಾರುತ್ತಿದ್ದ ವೈಟ್ ಆಂಡ್ ಥಾಂಪ್ಸನ್ ಕಂಪನಿ ಸೇರಿದರು. ಈ ತಿರುವಿನಿಂದಲೇ ಅವರ ಹೆಸರು ಇತಿಹಾಸದಲ್ಲಿ ಉಳಿಯಿತು.

ಅಟ್ಲಾಂಟಿಕ್ ದಾಟಲು ಕಟ್ಟಿದ ‘ಅಮೆರಿಕ’

1913ರಲ್ಲಿ ಲಂಡನ್ನಿನ ಡೈಲಿ ಮೇಲ್ ಪತ್ರಿಕೆ, 72 ಗಂಟೆಗಳೊಳಗೆ ಅಟ್ಲಾಂಟಿಕ್ ಸಾಗರವನ್ನು ವಿಮಾನದಲ್ಲಿ ದಾಟಿದವರಿಗೆ 10,000 ಪೌಂಡ್ ಬಹುಮಾನ ಘೋಷಿಸಿತು. ಅಮೆರಿಕದ ಶ್ರೀಮಂತ ವ್ಯಾಪಾರಿ ರಾಡ್‌ಮನ್ ವಾನಮೇಕರ್ ಹಣ ಕೊಡಲು ಮುಂದೆ ಬಂದರು, ವಿಮಾನ ಕಟ್ಟುವ ಹೊಣೆ ಕರ್ಟಿಸ್ ಅವರದಾಯಿತು, ಹಾರಿಸಲು ಪೋರ್ಟ್ ಆಯ್ಕೆಯಾದರು. ನ್ಯೂಫೌಂಡ್‌ಲ್ಯಾಂಡಿನಿಂದ ಅಜೋರ್ಸ್ ದ್ವೀಪಗಳಿಗೆ, ಅಲ್ಲಿಂದ ಐಬೀರಿಯಾದ ಕರಾವಳಿಗೆ, ಕೊನೆಗೆ ಇಂಗ್ಲೆಂಡಿಗೆ ಹೋಗುವುದೆಂದು ದಾರಿ ಹಾಕಿಕೊಳ್ಳಲಾಯಿತು. ಮೊದಲ ಹಂತವೇ ಸುಮಾರು 2,000 ಕಿಲೋಮೀಟರ್. ನಡುವೆ ನೀರಲ್ಲದೆ ಬೇರೇನೂ ಇಲ್ಲ.

1914ರ ಜೂನ್ 22ರಂದು ನ್ಯೂಯಾರ್ಕ್ ರಾಜ್ಯದ ಹ್ಯಾಮಂಡ್ಸ್‌ಪೋರ್ಟ್ ಎಂಬ ಊರಿನ ಕ್ಯೂಕಾ ಸರೋವರದ ದಡದಲ್ಲಿ ಈ ವಿಮಾನಕ್ಕೆ ‘ಅಮೆರಿಕ’ ಎಂದು ಹೆಸರಿಡಲಾಯಿತು. ಹಡಗಿನ ಸಂಪ್ರದಾಯದಂತೆ ಶಾಂಪೇನ್ ಬಾಟಲಿಯನ್ನು ಮೂತಿಗೆ ಬಡಿದು ಒಡೆಯಬೇಕಿತ್ತು. ಎಷ್ಟು ಬಡಿದರೂ ಬಾಟಲಿ ಒಡೆಯಲಿಲ್ಲ; ಕೊನೆಗೆ ಸುತ್ತಿಗೆಯಿಂದ ಹೊಡೆದು ಪುಡಿ ಮಾಡಬೇಕಾಯಿತು. ಮರುದಿನ ವಿಮಾನ ಹಾರಿತು.

ಪೂರ್ಣ ಭಾರ ಹೇರಿದಾಗ ನಿಜವಾದ ತೊಂದರೆ ಕಾಣಿಸಿಕೊಂಡಿತು. ವಿಮಾನದ ಎರಡು ಎಂಜಿನ್‌ಗಳು ರೆಕ್ಕೆಗಳ ನಡುವೆ, ನೀರಿನಿಂದ ಬಹಳ ಎತ್ತರದಲ್ಲಿದ್ದವು. ಮೇಲಿನಿಂದ ಎಂಜಿನ್ ಮುಂದಕ್ಕೆ ತಳ್ಳುತ್ತದೆ, ಕೆಳಗಿನಿಂದ ನೀರು ಹಿಂದಕ್ಕೆ ಎಳೆಯುತ್ತದೆ. ಎರಡೂ ಬಲಗಳು ಸೇರಿ ಇಡೀ ಯಂತ್ರವನ್ನು ಮೂತಿಯಡಿಯಾಗಿ ತಿರುಗಿಸಲು ನೋಡುತ್ತವೆ. ವೇಗ ಹೆಚ್ಚಿಸಿದಷ್ಟೂ ಮೂತಿ ನೀರಿನೊಳಗೆ ಹೂತುಕೊಳ್ಳುತ್ತಿತ್ತು. ಪೋರ್ಟ್ ಮತ್ತು ಕರ್ಟಿಸ್ ವಾರಗಟ್ಟಲೆ ಒಂದೊಂದೇ ಬದಲಾವಣೆ ಮಾಡಿ ನೋಡಿದರು: ಮೂತಿಯ ಎರಡೂ ಬದಿಗೆ ಹಲಗೆಗಳನ್ನು ಹೊರಚಾಚಿ ತಳವನ್ನು ಅಗಲ ಮಾಡಿದರು, ಅವುಗಳ ಕೋನ ಬದಲಿಸಿದರು, ಮೂರನೆಯ ಎಂಜಿನ್ ಒಂದನ್ನು ಮೇಲ್ರೆಕ್ಕೆಯ ಮೇಲೆ ಕೂರಿಸಿ ನೋಡಿದರು. ಹಲ್‌ಗಿಂತ ಅದರ ತಳ ಅಗಲವಾಗಿರಬೇಕು ಎಂಬ ಪಾಠವನ್ನು ಪೋರ್ಟ್ ಕಲಿತದ್ದು ಈ ಸರೋವರದಲ್ಲಿ.

ಹಾರಾಟ ಆಗಸ್ಟ್ ಮೊದಲ ವಾರಕ್ಕೆ ನಿಗದಿಯಾಗಿತ್ತು. ಆಗಸ್ಟ್ 4ರಂದು ಬ್ರಿಟನ್ ಯುದ್ಧಕ್ಕಿಳಿಯಿತು. ಪೋರ್ಟ್ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಊರಿಗೆ ಹಡಗು ಹತ್ತಿದರು. ಐದಾರು ವಾರ ಮುಂಚೆ ತಳದ ಸಮಸ್ಯೆ ಬಗೆಹರಿದಿದ್ದರೆ ಅಟ್ಲಾಂಟಿಕ್ ದಾಟಿದ ಮೊದಲಿಗರ ಹೆಸರು ಬೇರೆಯೇ ಆಗುತ್ತಿತ್ತೇನೋ.

ಫೆಲಿಕ್ಸ್‌ಸ್ಟೋದಲ್ಲಿ ಹಲ್‌ನ ಮರುಹುಟ್ಟು

ಕ್ಷಯರೋಗಿಯಾಗಿದ್ದರೂ ಯುದ್ಧಕಾಲದಲ್ಲಿ ನೌಕಾಪಡೆಯ ವಿಮಾನ ವಿಭಾಗ ಅವರನ್ನು ಮತ್ತೆ ಸೇರಿಸಿಕೊಂಡಿತು. ಆ ವಿಭಾಗದ ಮುಖ್ಯಸ್ಥ ಮರೇ ಸೂಟರ್ ಅವರನ್ನು ಒಪ್ಪಿಸಿ ಪೋರ್ಟ್ ಕರ್ಟಿಸ್ ಕಾರ್ಖಾನೆಯಿಂದ ‘ಅಮೆರಿಕ’ ಮಾದರಿಯ ಫ್ಲೈಯಿಂಗ್ ಬೋಟ್‌ಗಳನ್ನು ಖರೀದಿ ಮಾಡಿಸಿದರು. ಎಚ್-4 ಎಂಬ ಹೆಸರಿನ ಈ ವಿಮಾನಗಳು ಉತ್ತರ ಸಮುದ್ರಕ್ಕೆ ಬಂದಾಗ ಅವುಗಳ ದೌರ್ಬಲ್ಯ ಬಯಲಾಯಿತು. ಎಂಜಿನ್‌ಗಳ ಶಕ್ತಿ ಸಾಲದು. ತಳ ಚಪ್ಪಟೆಯಾದ್ದರಿಂದ ಅಲೆಗಳ ಪೆಟ್ಟಿಗೆ ಹಲಗೆಗಳು ಬಿರುಕು ಬಿಡುತ್ತಿದ್ದವು. ಅಲೆಗಳಿದ್ದಾಗ ನೀರು ಬಿಟ್ಟೇಳುವುದೇ ಕಷ್ಟವಾಗಿತ್ತು.

1915ರ ಸೆಪ್ಟೆಂಬರ್‌ನಲ್ಲಿ ಪೋರ್ಟ್ ಫೆಲಿಕ್ಸ್‌ಸ್ಟೋ ನೆಲೆಯ ಮುಖ್ಯಸ್ಥರಾದರು. ಹಾರಿಚ್ ಬಂದರಿನ ಎದುರು ದಡದಲ್ಲಿದ್ದ ಆ ನೆಲೆಯಲ್ಲಿ ಬಡಗಿಗಳು, ದೋಣಿ ಕಟ್ಟುವವರು, ಎಂಜಿನ್ ಮೆಕ್ಯಾನಿಕ್‌ಗಳು, ಚಾಲಕರು ಒಂದೇ ಅಂಗಳದಲ್ಲಿ ಕೆಲಸ ಮಾಡುತ್ತಿದ್ದರು. ಬೆಳಗ್ಗೆ ತಳಕ್ಕೆ ಹಲಗೆ ಹೊಡೆದು, ಮಧ್ಯಾಹ್ನ ಅದನ್ನು ನೀರಿಗಿಳಿಸಿ ನೋಡುವ ಅನುಕೂಲ ಅಲ್ಲಿತ್ತು. ಅವರು ಹಳೆಯ ಎಚ್-4 ವಿಮಾನಗಳ ಮೇಲೆಯೇ ಪ್ರಯೋಗ ಆರಂಭಿಸಿದರು. ಕೊನೆಗೆ 3580 ಸಂಖ್ಯೆಯ ವಿಮಾನದ ರೆಕ್ಕೆ ಮತ್ತು ಬಾಲವನ್ನು ಉಳಿಸಿಕೊಂಡು, ಮೂಲ ಹಲ್ ತೆಗೆದು, ತಾವೇ ರೂಪಿಸಿದ 36 ಅಡಿ ಉದ್ದದ ಹೊಸ ಹಲ್ ಜೋಡಿಸಿದರು. ಅದರ ಹೆಸರು ಪೋರ್ಟ್-1. ತಲಾ 150 ಅಶ್ವಶಕ್ತಿಯ ಎರಡು ಹಿಸ್ಪಾನೋ-ಸುಯಿಜಾ ಎಂಜಿನ್‌ಗಳನ್ನು ಹಾಕಿದ ಈ ವಿಮಾನ ಫೆಲಿಕ್ಸ್‌ಸ್ಟೋ ಎಫ್-1 ಎಂದು ಕರೆಸಿಕೊಂಡಿತು.

ಈ ಹಲ್‌ನಲ್ಲಿದ್ದ ಹೊಸತನವನ್ನು ತುಸು ಹತ್ತಿರದಿಂದ ನೋಡಬೇಕು. ಕರ್ಟಿಸ್ ಹಲ್ ಅನ್ನು ದೋಣಿಯಂತೆಯೇ, ಬಾಗಿದ ಪಕ್ಕೆಗಳ ಮೇಲೆ ಹಲಗೆ ಹೊದಿಸಿ ಕಟ್ಟಲಾಗುತ್ತಿತ್ತು. ಅದಕ್ಕೆ ನುರಿತ ದೋಣಿ ಬಡಗಿಗಳೇ ಬೇಕು. ಪೋರ್ಟ್ ಮೊದಲು ಆಯತಾಕಾರದ ಉದ್ದ ಚೌಕಟ್ಟೊಂದನ್ನು ಮಾಡಿದರು: ಮೂಲೆಗಳಲ್ಲಿ ಉದ್ದಕ್ಕೆ ಸಾಗುವ ಮರದ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು, ಕರ್ಣದಲ್ಲಿ ಬಿಗಿದ ಬಂಧನಗಳು. ವಿಮಾನದ ಮಾಮೂಲಿ ಒಡಲನ್ನು ಕಟ್ಟುವ ವಿಧಾನವೇ ಇದು. ನಂತರ ಅದರ ಮುಂಭಾಗದ ಅಡಿಯಲ್ಲಿ, ಎರಡೂ ಬದಿಗೆ ಚಾಚಿಕೊಂಡ ಅಗಲವಾದ ತಳವನ್ನು ಜೋಡಿಸಿದರು. ಹೀಗಾಗಿ ದೋಣಿ ಕಟ್ಟಿ ಗೊತ್ತಿಲ್ಲದ ಕಾರ್ಖಾನೆಗಳೂ ಈ ಹಲ್ ತಯಾರಿಸುವಂತಾಯಿತು. ಯುದ್ಧಕಾಲದಲ್ಲಿ ಹತ್ತಾರು ವಿಮಾನಗಳು ಬೇಗ ಬೇಕಾಗಿದ್ದಾಗ ಈ ಸರಳತೆಗೆ ಹಾರಾಟದ ಗುಣದಷ್ಟೇ ಬೆಲೆಯಿತ್ತು.

ಎರಡನೆಯ ವಿಷಯ ತಳದ ಆಕಾರ. ಚಪ್ಪಟೆ ತಳ ಬೇಗ ಜಾರುತ್ತದೆ, ಆದರೆ ಅಲೆಯ ಮೇಲೆ ಇಳಿದಾಗ ಪೆಟ್ಟು ಒಮ್ಮೆಲೇ ಇಡೀ ತಳದ ಮೇಲೆ ಬೀಳುತ್ತದೆ. ಇಂಗ್ಲಿಷಿನ ವಿ ಅಕ್ಷರದಂತೆ ನಡುವೆ ಚೂಪಾದ ತಳ ಅಲೆಯನ್ನು ಕ್ರಮೇಣ ಸೀಳುತ್ತಾ ಇಳಿಯುವುದರಿಂದ ಪೆಟ್ಟು ಮೆದುವಾಗುತ್ತದೆ. ಆದರೆ ಚೂಪು ಅತಿಯಾದರೆ ನೀರಿನ ಎತ್ತುವ ಬಲ ಕುಗ್ಗುತ್ತದೆ. ಇವೆರಡರ ನಡುವಿನ ಸರಿಯಾದ ಅಳತೆಯನ್ನು ಕಾಗದದ ಮೇಲೆ ಲೆಕ್ಕ ಹಾಕುವ ವಿದ್ಯೆ ಆಗ ಬೆಳೆದಿರಲಿಲ್ಲ. ಪೋರ್ಟ್ ಅದನ್ನು ಕಟ್ಟಿ, ಹಾರಿಸಿ, ತಿದ್ದಿ ಕಂಡುಕೊಂಡರು. ಪೋರ್ಟ್-1 ಹಲ್‌ಗೆ ಮೊದಲು ಇದ್ದದ್ದು ಒಂದೇ ಸ್ಟೆಪ್. ಪರೀಕ್ಷೆ ನಡೆದಂತೆ ಮತ್ತೆರಡು ಸೇರಿದವು, ವಿ ಆಕಾರವೂ ಆಳವಾಯಿತು.

ಮುಂದೆ ಕರ್ಟಿಸ್ ಕಂಪನಿಯ ಇನ್ನೂ ದೊಡ್ಡದಾದ ಎಚ್-12 ಬಂದಾಗ ಅದಕ್ಕೂ ಇದೇ ಕ್ರಮದ ಹಲ್ ರೂಪಿಸಲಾಯಿತು. ಹೀಗೆ ಎಫ್-2, ಅದರಿಂದ ಎಫ್-2ಎ ಹುಟ್ಟಿದವು. ತಲಾ 345 ಅಶ್ವಶಕ್ತಿಯ ಎರಡು ರೋಲ್ಸ್-ರಾಯ್ಸ್ ಈಗಲ್ ಎಂಜಿನ್, 95 ಅಡಿಗೂ ಮೀರಿದ ರೆಕ್ಕೆ, ನಾಲ್ವರು ಸಿಬ್ಬಂದಿ, ಸುತ್ತಲೂ ಮಷಿನ್‌ಗನ್‌ಗಳು, ತಲಾ 104 ಕಿಲೋ ತೂಕದ ಎರಡು ಬಾಂಬು: ಇದು ಎಫ್-2ಎ. ಯುದ್ಧದ ಕೊನೆಯ ಹಂತದಲ್ಲಿ ಉತ್ತರ ಸಮುದ್ರದಲ್ಲಿ ಬ್ರಿಟನ್ನಿನ ಪಹರೆಯ ಬೆನ್ನೆಲುಬಾಗಿದ್ದ ವಿಮಾನಗಳಲ್ಲಿ ಇದು ಪ್ರಮುಖವಾದದ್ದು.

ಸಮುದ್ರದ ಮೇಲೆ ಹೆಣೆದ ಬಲೆ

ಈ ವಿಮಾನಗಳು ಮಾಡಿದ ಕೆಲಸವೇನು? ಜರ್ಮನಿಯ ಜಲಾಂತರ್ಗಾಮಿಗಳು ಬೆಲ್ಜಿಯಂ ಮತ್ತು ಜರ್ಮನಿಯ ಬಂದರುಗಳಿಂದ ಹೊರಟು ಬ್ರಿಟನ್ನಿನ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಅಂದಿನ ಜಲಾಂತರ್ಗಾಮಿ ನೀರಿನಡಿ ಇರಬಹುದಾದದ್ದು ಸ್ವಲ್ಪ ಹೊತ್ತು ಮಾತ್ರ. ಬ್ಯಾಟರಿ ಮುಗಿದ ಮೇಲೆ ಮೇಲೆದ್ದು ಡೀಸೆಲ್ ಎಂಜಿನ್‌ನಿಂದ ಸಾಗಲೇಬೇಕು. ಮೇಲಿರುವಾಗ ಆಕಾಶದಿಂದ ಕಣ್ಣಿಗೆ ಬೀಳುತ್ತದೆ. ಜಲಾಂತರ್ಗಾಮಿಯೊಳಗೆ ದುಡಿದಿದ್ದ ಪೋರ್ಟ್‌ಗೆ ಈ ಮಿತಿ ಯಾರೂ ವಿವರಿಸಬೇಕಾದ ವಿಷಯವಾಗಿರಲಿಲ್ಲ.

1917ರ ಏಪ್ರಿಲ್‌ನಲ್ಲಿ ಫೆಲಿಕ್ಸ್‌ಸ್ಟೋದಿಂದ ‘ಜೇಡರ ಬಲೆ’ ಎಂಬ ಹೆಸರಿನ ಪಹರೆ ಆರಂಭವಾಯಿತು. ನಾರ್ತ್ ಹಿಂಡರ್ ಎಂಬ ದೀಪನೌಕೆಯನ್ನು ನಡುಬಿಂದುವಾಗಿಟ್ಟುಕೊಂಡು 60 ನಾಟಿಕಲ್ ಮೈಲಿ ಅಗಲದ ಎಂಟು ಮೂಲೆಯ ಆಕೃತಿಯನ್ನು ನಕ್ಷೆಯ ಮೇಲೆ ಬರೆದು, ಕೇಂದ್ರದಿಂದ ಎಂಟು ದಿಕ್ಕಿಗೆ ಗೆರೆಗಳನ್ನೂ ಅವುಗಳನ್ನು ಕೂಡಿಸುವ ಅಡ್ಡಗೆರೆಗಳನ್ನೂ ಎಳೆಯಲಾಗಿತ್ತು. ಒಟ್ಟು ಹರವು ಸುಮಾರು 4,000 ಚದರ ಮೈಲಿ. ಮೇಲೆ ತೇಲುತ್ತಾ ಸಾಗುವ ಜಲಾಂತರ್ಗಾಮಿಗೆ ಈ ಬಲೆ ದಾಟಲು ಸುಮಾರು ಹತ್ತು ಗಂಟೆ ಬೇಕು. ಒಂದು ಫ್ಲೈಯಿಂಗ್ ಬೋಟ್ ಐದು ಗಂಟೆಯೊಳಗೆ ಬಲೆಯ ಕಾಲುಭಾಗವನ್ನು ಜಾಲಾಡಬಲ್ಲದು. ಗೆರೆಗಳ ಪ್ರಕಾರವೇ ಹಾರುವುದರಿಂದ ಯಾವ ಭಾಗ ನೋಡಿಯಾಯಿತು, ಯಾವುದು ಬಾಕಿ ಎಂಬ ಲೆಕ್ಕವೂ ಸಿಗುತ್ತಿತ್ತು.

ಹಲ್ ಗಟ್ಟಿಯಾಗಿರುವುದು ಏಕೆ ಪ್ರಾಣದ ಪ್ರಶ್ನೆ ಎಂಬುದಕ್ಕೆ ನೆರೆಯ ಗ್ರೇಟ್ ಯಾರ್ಮತ್ ನೆಲೆಯ 8666 ಸಂಖ್ಯೆಯ ಎಚ್-12 ವಿಮಾನದ ಕಥೆ ಸಾಕು. 1917ರ ಮೇ 14ರಂದು ಎಲ್-22 ಎಂಬ ಜೆಪೆಲಿನ್ ವಾಯುನೌಕೆಯನ್ನು ಹೊಡೆದುರುಳಿಸಿ ಹೆಸರು ಮಾಡಿದ್ದ ವಿಮಾನವದು. ಅದೇ ಸೆಪ್ಟೆಂಬರ್ 5ರಂದು ಜೊತೆಗೆ ಬಂದಿದ್ದ ಇನ್ನೊಂದು ವಿಮಾನ ಸಮುದ್ರಕ್ಕೆ ಬಿದ್ದಾಗ ಅದರಲ್ಲಿದ್ದ ಇಬ್ಬರನ್ನು ಎತ್ತಿಕೊಳ್ಳಲು 8666 ಅಲೆಗಳ ನಡುವೆ ಇಳಿಯಿತು. ಆರು ಜನರ ಭಾರ ಹೊತ್ತು ಅದು ಮತ್ತೆ ಮೇಲೇಳಲಾಗಲಿಲ್ಲ. ಇಂಧನ ಇರುವಷ್ಟು ಹೊತ್ತು ದೋಣಿಯಾಗಿ ಸಾಗಿತು, ಆಮೇಲೆ ತೇಲಿತು. ಒಳನುಗ್ಗುವ ನೀರನ್ನು ಮೊಗೆದು ಚೆಲ್ಲುತ್ತಾ ಆರು ಮಂದಿ ಮೂರು ದಿನ ಕಳೆದರು. ಜೊತೆಯಲ್ಲಿದ್ದ ನಾಲ್ಕು ಪಾರಿವಾಳಗಳನ್ನು ಸಂದೇಶ ಕಟ್ಟಿ ಬಿಟ್ಟಿದ್ದರು. ಅವುಗಳಲ್ಲೊಂದು ದಡ ಮುಟ್ಟಿ ಬಳಲಿಕೆಯಿಂದ ಸತ್ತು ಬಿದ್ದಿತ್ತು. ಅದರ ಕಾಲಿನ ಚೀಟಿ ಹುಡುಕಾಟಕ್ಕೆ ನೆರವಾಗಿ, ಆರೂ ಮಂದಿ ಬದುಕುಳಿದರು.

ವಿಮಾನ ಹೊತ್ತ ವಿಮಾನ

ಪೋರ್ಟ್ ಅವರ ಯೋಚನೆ ಹಲ್‌ಗೆ ಮಾತ್ರ ಸೀಮಿತವಾಗಿರಲಿಲ್ಲ. 1915ರಲ್ಲಿ ಅವರು ಮೂರು ಎಂಜಿನ್‌ಗಳ, 124 ಅಡಿ ರೆಕ್ಕೆಯ ‘ಪೋರ್ಟ್ ಬೇಬಿ’ ಕಟ್ಟಿದರು. ಜೆಪೆಲಿನ್‌ಗಳನ್ನು ಬೆನ್ನಟ್ಟಬಲ್ಲ ಚಿಕ್ಕ ಯುದ್ಧವಿಮಾನಗಳಿಗೆ ಸಮುದ್ರದ ನಡುವಿನವರೆಗೆ ಹೋಗುವಷ್ಟು ಇಂಧನ ಇರುತ್ತಿರಲಿಲ್ಲ. ಅದಕ್ಕೆ ಅವರು ಬೇಬಿಯ ಮೇಲ್ರೆಕ್ಕೆಯ ಮೇಲೆ ಬ್ರಿಸ್ಟಲ್ ಸ್ಕೌಟ್ ಎಂಬ ಪುಟ್ಟ ವಿಮಾನವನ್ನು ಕೂರಿಸಿದರು. 1916ರ ಮೇ 17ರಂದು ಸುಮಾರು 1,000 ಅಡಿ ಎತ್ತರದಲ್ಲಿ ಎರಡೂ ಬೇರ್ಪಟ್ಟು, ಎರಡೂ ಸುರಕ್ಷಿತವಾಗಿ ಹಾರಿದವು. ಪ್ರಯೋಗ ಯಶಸ್ವಿಯಾದರೂ ಮುಂದುವರಿಯಲಿಲ್ಲ.

ಅವರ ಇನ್ನೊಂದು ಯೋಜನೆ ಹೆಚ್ಚು ಫಲ ಕೊಟ್ಟಿತು. ಫ್ಲೈಯಿಂಗ್ ಬೋಟ್ ಅನ್ನು ಚಪ್ಪಟೆ ನಾವೆಯೊಂದರ ಮೇಲೆ ಇಟ್ಟು ವೇಗದ ಯುದ್ಧನೌಕೆಯಿಂದ ಎಳೆಸಿಕೊಂಡು ಹೋದರೆ, ಶತ್ರು ತೀರದ ಹತ್ತಿರದಿಂದಲೇ ಪೂರ್ಣ ಇಂಧನದೊಂದಿಗೆ ಹಾರಬಹುದು. ಇಂಥ ನಾವೆಗಳು ತಯಾರಾದವು. ಅದೇ ಬಗೆಯ ನಾವೆಯ ಮೇಲೆ ಮರದ ಅಟ್ಟ ಹಾಸಿ, 1918ರ ಆಗಸ್ಟ್ 11ರಂದು ಸ್ಟುವರ್ಟ್ ಕಲ್ಲಿ ಎಂಬ ಯುವ ಚಾಲಕ ಕ್ಯಾಮೆಲ್ ವಿಮಾನವನ್ನು ಹಾರಿಸಿ ಎಲ್-53 ಜೆಪೆಲಿನ್ ಅನ್ನು ಉರುಳಿಸಿದರು.

ನ್ಯಾಯಾಲಯದ ಕಟಕಟೆಯಲ್ಲಿ

1917ರಲ್ಲಿ ಪೋರ್ಟ್ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ಹೂಡಲಾಯಿತು. ಕರ್ಟಿಸ್ ವಿಮಾನಗಳ ಖರೀದಿಗೆ ಸಂಬಂಧಿಸಿದ ಕಮಿಷನ್ ಹಣದಲ್ಲಿ ಮಧ್ಯವರ್ತಿಯೊಬ್ಬರ ಮೂಲಕ ಪಾಲು ಪಡೆದರೆಂಬುದು ಆರೋಪ. ಯುದ್ಧಕ್ಕೆ ಮುಂಚೆ ಕರ್ಟಿಸ್ ಜೊತೆ ವ್ಯವಹಾರ ಹೊಂದಿದ್ದವರೇ ಯುದ್ಧ ಶುರುವಾದ ಮೇಲೆ ಆ ವಿಮಾನಗಳನ್ನು ಕೊಳ್ಳಲು ಸಲಹೆ ಕೊಟ್ಟದ್ದು ಪ್ರಶ್ನೆಗೆ ಎಡೆಮಾಡಿತ್ತು. ಪೋರ್ಟ್ ತಪ್ಪೊಪ್ಪಿಕೊಳ್ಳಲಿಲ್ಲ. ನವೆಂಬರ್‌ನಲ್ಲಿ ಅಟಾರ್ನಿ ಜನರಲ್ ಅವರ ಸೇವೆಯನ್ನೂ ಹದಗೆಟ್ಟ ಆರೋಗ್ಯವನ್ನೂ ಗಮನಿಸಿ ಮೊಕದ್ದಮೆಯನ್ನು ಕೈಬಿಟ್ಟರು. ಹೀಗೆ ಕೈಬಿಟ್ಟಾಗ ನ್ಯಾಯಾಲಯ ತಪ್ಪಿತಸ್ಥ ಎಂದೂ ಹೇಳುವುದಿಲ್ಲ, ನಿರ್ದೋಷಿ ಎಂದೂ ಹೇಳುವುದಿಲ್ಲ. ಅವರ ಬದುಕನ್ನು ಓದುವವರು ಈ ಅಧ್ಯಾಯವನ್ನು ಹಾರಿಸಿ ಮುಂದೆ ಹೋಗುವುದು ಸರಿಯಲ್ಲ. ಹಾಗೆಂದು ಇದರ ಮೇಲೆ ತೀರ್ಪು ಕೊಡಲು ಬೇಕಾದ ಆಧಾರವೂ ಆ ವಿಚಾರಣೆಯಿಂದ ಹೊರಬರಲಿಲ್ಲ. ಅವರು ಫೆಲಿಕ್ಸ್‌ಸ್ಟೋದ ಕೆಲಸಕ್ಕೆ ಮರಳಿದರು.

ಕೊನೆಯ ವಿಮಾನ

ಪೋರ್ಟ್ ಅವರ ಅತಿ ದೊಡ್ಡ ವಿಮಾನ ‘ಫೆಲಿಕ್ಸ್‌ಸ್ಟೋ ಫ್ಯೂರಿ’. ಒಂದರ ಮೇಲೊಂದು ಮೂರು ಜೊತೆ ರೆಕ್ಕೆ, ಐದು ಈಗಲ್ ಎಂಜಿನ್, ಸುಮಾರು 11 ಟನ್ ತೂಕ. ಅದು ಮೊದಲು ಹಾರಿದ್ದು 1918ರ ನವೆಂಬರ್ 11ರಂದು, ಯುದ್ಧ ನಿಂತ ದಿನವೇ. ಅದರಲ್ಲಿ ಅಟ್ಲಾಂಟಿಕ್ ದಾಟುವ ಯೋಜನೆಯಿತ್ತು, ಅದನ್ನು ಕೈಬಿಡಲಾಯಿತು. 1919ರ ಮೇ ತಿಂಗಳಲ್ಲಿ ಅಮೆರಿಕದ ನೌಕಾಪಡೆಯ ಎನ್‌ಸಿ-4 ಎಂಬ ಕರ್ಟಿಸ್ ಫ್ಲೈಯಿಂಗ್ ಬೋಟ್ ನ್ಯೂಫೌಂಡ್‌ಲ್ಯಾಂಡಿನಿಂದ ಅಜೋರ್ಸ್‌ಗೆ, ಅಲ್ಲಿಂದ ಲಿಸ್ಬನ್‌ಗೆ, ಮೇ 31ರಂದು ಇಂಗ್ಲೆಂಡಿನ ಪ್ಲಿಮತ್‌ಗೆ ಬಂದಿಳಿದು, ಅಟ್ಲಾಂಟಿಕ್ ದಾಟಿದ ಮೊದಲ ವಿಮಾನವಾಯಿತು. ಐದು ವರ್ಷ ಹಿಂದೆ ಪೋರ್ಟ್ ಹಾಕಿಕೊಂಡಿದ್ದ ದಾರಿ ಹೆಚ್ಚುಕಡಿಮೆ ಇದೇ.

ಫ್ಯೂರಿಯನ್ನು ದಕ್ಷಿಣ ಆಫ್ರಿಕದವರೆಗೆ ಹಾರಿಸಲು ಸಿದ್ಧತೆ ನಡೆಯಿತು. 1919ರ ಆಗಸ್ಟ್ 11ರಂದು, ಹೊರಡುವ ಹಿಂದಿನ ದಿನ, ಪರೀಕ್ಷಾ ಹಾರಾಟಕ್ಕೆ ಮೇಲೇಳುತ್ತಿದ್ದಂತೆ ವಿಮಾನ ನೀರಿಗೆ ಅಪ್ಪಳಿಸಿ ಒಡೆಯಿತು; ವೈರ್‌ಲೆಸ್ ಸಿಬ್ಬಂದಿ ಸಾವನ್ನಪ್ಪಿದರು. ಅಷ್ಟರಲ್ಲಿ ಪೋರ್ಟ್ ವಾಯುಪಡೆ ಬಿಟ್ಟು ಗಾಸ್‌ಪೋರ್ಟ್ ಏರ್‌ಕ್ರಾಫ್ಟ್ ಕಂಪನಿಯ ವಿನ್ಯಾಸ ಮುಖ್ಯಸ್ಥರಾಗಿ, ನಾಗರಿಕ ಬಳಕೆಯ ಫ್ಲೈಯಿಂಗ್ ಬೋಟ್‌ಗಳ ನಕ್ಷೆ ತಯಾರಿಸುತ್ತಿದ್ದರು. ಅಕ್ಟೋಬರ್ 22ರಂದು ಬ್ರೈಟನ್‌ನಲ್ಲಿ ಕ್ಷಯ ಅವರನ್ನು ಬಲಿ ತೆಗೆದುಕೊಂಡಿತು.

ಅವರ ನಂತರ ಹಲ್ ಎಲ್ಲಿಗೆ ಹೋಯಿತು?

ಯುದ್ಧದ ಕೊನೆಯಲ್ಲಿ ರೂಪುಗೊಂಡ ಎಫ್-5 ಮಾದರಿಯನ್ನು ಬ್ರಿಟಿಷ್ ವಾಯುಪಡೆ 1920ರ ದಶಕದ ನಡುವಿನವರೆಗೆ ಬಳಸಿತು. ಜಪಾನ್ ಅದನ್ನು ತನ್ನ ನೆಲದಲ್ಲಿಯೇ ತಯಾರಿಸಿತು. ಅಮೆರಿಕ ತನ್ನ ಲಿಬರ್ಟಿ ಎಂಜಿನ್ ಹಾಕಿ ಎಫ್-5ಎಲ್ ಹೆಸರಿನಲ್ಲಿ ಕಟ್ಟಿತು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಕೆಲವಕ್ಕೆ ಆಸನ ಜೋಡಿಸಿ, ಏರೋಮರೀನ್ ಎಂಬ ಕಂಪನಿ 1920ರಲ್ಲಿ ಫ್ಲಾರಿಡಾದ ಕೀ ವೆಸ್ಟ್‌ನಿಂದ ಕ್ಯೂಬಾದ ಹವಾನಾಕ್ಕೆ ಟಪಾಲು ಮತ್ತು ಪ್ರಯಾಣಿಕರನ್ನು ಒಯ್ಯತೊಡಗಿತು. ಕರ್ಟಿಸ್ ಕಾರ್ಖಾನೆಯಲ್ಲಿ ಹುಟ್ಟಿ ಫೆಲಿಕ್ಸ್‌ಸ್ಟೋದಲ್ಲಿ ತಿದ್ದಿಸಿಕೊಂಡ ವಿಮಾನ ಹೀಗೆ ಮತ್ತೆ ಅಮೆರಿಕಕ್ಕೆ ಮರಳಿತು.

ಮರದ ಹಲ್‌ಗೆ ಒಂದು ದೋಷ ಉಳಿದೇ ಇತ್ತು: ಅದು ನೀರು ಕುಡಿಯುತ್ತದೆ. ಎಫ್-5ರ ಜಾಗಕ್ಕೆ ಬಂದ ಸೂಪರ್‌ಮರೀನ್ ಸೌತಾಂಪ್ಟನ್ ವಿಮಾನದ ಮರದ ಹಲ್ ಸುಮಾರು 180 ಕಿಲೋ ನೀರು ಹೀರಿಕೊಳ್ಳುತ್ತಿತ್ತು. ಲೋಹದ ಹಲ್ ಬಂದ ಮೇಲೆ ಆ ವ್ಯರ್ಥ ಭಾರ ಹೋಯಿತು. ವಸ್ತು ಬದಲಾಯಿತು, ವಿ ಆಕಾರದ ತಳ, ಅಡ್ಡ ಕಡಿದ ಸ್ಟೆಪ್ ಉಳಿದುಕೊಂಡವು. 1930ರ ದಶಕದಲ್ಲಿ ಗ್ವಾಲಿಯರ್, ಅಲಹಾಬಾದ್, ಕೋಲ್ಕತ್ತಗಳಲ್ಲಿ ನೀರಿಗಿಳಿಯುತ್ತಿದ್ದ ಇಂಪೀರಿಯಲ್ ಏರ್‌ವೇಸ್ ವಿಮಾನಗಳಿಗೂ ಅವು ಇದ್ದವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆ ದುರಸ್ತಿ ಕೇಂದ್ರವಾಗಿ ಬಳಸಿಕೊಂಡಿತ್ತು. ಹಿಂದೂ ಮಹಾಸಾಗರದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ ಕ್ಯಾಟಲಿನಾ ಫ್ಲೈಯಿಂಗ್ ಬೋಟ್‌ಗಳು ದುರಸ್ತಿಗೆ ಅಲ್ಲಿಗೆ ಬರುತ್ತಿದ್ದವು. ಕಾರ್ಖಾನೆಗೆ ಹತ್ತಿರದ ಬೆಳ್ಳಂದೂರು ಕೆರೆಯೇ ಅವುಗಳ ನಿಲ್ದಾಣ. ಕೆರೆಯಿಂದ ಎಳೆದು ದಡಕ್ಕೆ ತಂದ ಕ್ಯಾಟಲಿನಾದ ತಳದಲ್ಲಿಯೂ ವಿ ಆಕಾರದ ಲೋಹದ ಹಾಳೆ ಇತ್ತು, ಅದರಲ್ಲಿ ಎರಡು ಸ್ಟೆಪ್‌ಗಳಿದ್ದವು.